ಸಾಕ್ಷಿಯ ಋಣ

ನೋಡುವುದರಿಂದ ಯಾರಿಗೂ ಕೇಡಿಲ್ಲವೆಂಬ ನಂಬಿಕೆ ಲೋಕದಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಕೊಂಡದ್ದಕ್ಕೆ ಬೆಲೆ ಕೊಡಬೇಕು, ಉಂಡದ್ದರ ಋಣ ತೀರಿಸಬೇಕು, ಮುಟ್ಟಿದ್ದು ಮಾಸೀತು, ಆದರೆ ಬರಿಯ ನೋಟಕ್ಕೆ ಸುಂಕವೆಲ್ಲಿಯದು? ಬೆಟ್ಟವನ್ನು ಸಾವಿರ ಜನ ನೋಡಿದರೂ ಬೆಟ್ಟ ಸವೆಯದು. ಹುಣ್ಣಿಮೆಯ ಚಂದ್ರನನ್ನು ಊರೆಲ್ಲ ನೋಡಿದರೂ ಬೆಳುದಿಂಗಳು ಕಡಮೆಯಾಗದು. ಆದುದರಿಂದಲೇ ದೇಶಾಟನವನ್ನು ಹಿರಿಯರು ವಿದ್ಯೆಯ ಸಾಧನಗಳಲ್ಲಿ ಒಂದಾಗಿ ಎಣಿಸಿದರು. ದರ್ಶನವೆಂಬ ಒಂದೇ ಮಾತಿಗೆ ಪುಣ್ಯದ ಅರ್ಥವೂ ತತ್ತ್ವದ ಅರ್ಥವೂ ಕೂಡಿಬಂದುವು.

ಈ ನಂಬಿಕೆಗೆ ಈಗ ಒಂದು ಸಂದೇಹವು ಪ್ರಾಪ್ತವಾಗಿದೆ. ನೋಡತಕ್ಕ ವಸ್ತುವು ನೋಡುನೋಡುತ್ತಿರುವಂತೆಯೇ ಕರಗಿಹೋಗುತ್ತಿದ್ದರೆ, ಮತ್ತು ಅದನ್ನು ನೋಡಲು ಬರುವವರ ಬರವೇ ಆ ಕರಗುವಿಕೆಗೆ ಅಲ್ಪಾಂಶದಲ್ಲಾದರೂ ಕಾರಣವಾದರೆ, ಆಗ ನೋಟವು ನಿರ್ದೋಷವೆ? ಇದು ತರ್ಕದ ವಿನೋದಕ್ಕಾಗಿ ಕಲ್ಪಿಸಿದ ಪ್ರಶ್ನೆಯಲ್ಲ. ದಕ್ಷಿಣ ಗೋಳಾರ್ಧದ ನ್ಯೂಜಿಲೆಂಡ್ ದೇಶದ ಒಂದು ಕಣಿವೆಯಲ್ಲಿ ಒಂದು ಹಿಮನದಿಯೂ ಅದರ ಪಾದದಲ್ಲಿ ಹುಟ್ಟಿಕೊಂಡ ಒಂದು ಸರೋವರವೂ, ಅಲ್ಲಿಗೆ ಬರುವ ಪ್ರತಿಯೊಬ್ಬ ಯಾತ್ರಿಕನ ಮುಂದೆ ಈ ಪ್ರಶ್ನೆಯನ್ನು ಇಡುತ್ತಿವೆ.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಉದ್ದಕ್ಕೂ ಬೆನ್ನೆಲುಬಿನಂತೆ ಹಬ್ಬಿರುವ ಪರ್ವತಶ್ರೇಣಿಯಲ್ಲಿ ಎಲ್ಲಕ್ಕಿಂತ ಎತ್ತರವಾದ ಶಿಖರವನ್ನು ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರು ಅವೊರಾಕಿ ಎಂದು ಕರೆಯುತ್ತಾರೆ. ಆಂಗ್ಲರು ಅದಕ್ಕೆ ಕುಕ್ ಪರ್ವತವೆಂದು ಹೆಸರಿಟ್ಟರು. 1998ರಿಂದ ಈ ಎರಡು ಹೆಸರುಗಳೂ ಜತೆಗೂಡಿ ಸರಕಾರದ ಮನ್ನಣೆಯನ್ನು ಪಡೆದಿವೆ. ಅದರ ಎತ್ತರ 3,724 ಮೀಟರು. ಪರ್ವತಕ್ಕೆ ಸಂಸ್ಕೃತದಲ್ಲಿ ‘ಅಚಲ’ವೆಂದು ಹೆಸರಿದೆಯಷ್ಟೆ, ಈ ಅಚಲವು 1991ರ ಡಿಸೆಂಬರ್ 14ರಂದು ಚಲಿಸಿತು. ಶಿಖರದ ಬಂಡೆಗಳೂ ಮಂಜುಗಡ್ಡೆಯೂ ಕಳಚಿ ಕಣಿವೆಗೆ ಉರುಳಿ, ಪರ್ವತವು ಒಂದೇ ದಿನದಲ್ಲಿ ಸುಮಾರು 10 ಮೀಟರು ಕುಳ್ಳಾಯಿತು.

ಈ ಪರ್ವತದ ಪೂರ್ವದ ಮಗ್ಗುಲಿನ ಕಣಿವೆಯಲ್ಲಿ ಟಾಸ್ಮನ್ ಎಂಬ ಹಿಮನದಿಯಿದೆ. ಮಾವೊರಿ ಭಾಷೆಯಲ್ಲಿ ಇದರ ಹೆಸರು ಹೌಪಾಪ. ಇದರ ಉದ್ದ ಸುಮಾರು 23 ಕಿಲೋಮೀಟರು. ಆ ದೇಶದ ಹಿಮನದಿಗಳಲ್ಲಿ ಇದೇ ಅತಿ ದೀರ್ಘವಾದುದು. ಹಿಮನದಿಯ ಸಂಸಾರವು ಗೃಹಸ್ಥನ ಸಂಸಾರದಂತೆ ಆಯವ್ಯಯಗಳ ಮೇಲೆ ನಿಂತಿದೆ. ಎತ್ತರದ ನೆತ್ತಿಯಲ್ಲಿ ವರ್ಷವರ್ಷವೂ ಬೀಳುವ ಹಿಮವು ಅದರ ಆದಾಯ. ಆ ಹಿಮವು ತನ್ನ ಭಾರದಿಂದಲೇ ಅದುಮಿ ಗಟ್ಟಿಯಾಗಿ, ಮಂಜುಗಡ್ಡೆಯ ರೂಪವನ್ನು ತಾಳಿ, ಇಳಿಜಾರಿನಲ್ಲಿ ಕಣ್ಣಿಗೆ ಕಾಣದಷ್ಟು ಮೆಲ್ಲನೆ ಹರಿದು ಬರುತ್ತದೆ. ಕೆಳಗೆ ಬೆಚ್ಚನೆಯ ಗಾಳಿಗೆ ಸಿಕ್ಕಿ ಕರಗುವುದು ಅದರ ವೆಚ್ಚ. ಆದಾಯವೂ ವೆಚ್ಚವೂ ಸರಿದೂಗಿದಷ್ಟು ಕಾಲವೂ ಹಿಮನದಿ ತನ್ನ ಸ್ಥಾನದಲ್ಲಿ ನಿಂತಿರುತ್ತದೆ. ವೆಚ್ಚವು ಹೆಚ್ಚಿದರೆ ಮೂಲಧನವೇ ಕರಗತೊಡಗುತ್ತದೆ.

ಈ ಹಿಮನದಿಗೆ ಆದದ್ದೂ ಅದೇ. 1973ರಲ್ಲಿ ಅದರ ಮುಂದೆ ಸರೋವರವೇ ಇರಲಿಲ್ಲ. ಮಂಜುಗಡ್ಡೆಯ ಮೇಲೆ ಅಲ್ಲಲ್ಲಿ ನಿಂತ ಕರಗಿದ ನೀರಿನ ಸಣ್ಣ ಹೊಂಡಗಳು ಬೆಳೆದು ಒಂದಕ್ಕೊಂದು ಕೂಡಿಕೊಂಡು, ಈಗ ಸುಮಾರು 7 ಕಿಲೋಮೀಟರು ಉದ್ದದ, ಕೆಲವೆಡೆ 240 ಮೀಟರಿಗೂ ಮೀರಿದ ಆಳದ ಸರೋವರವಾಗಿದೆ. ಬೆಟ್ಟ ಹೊಳೆ ಕೆರೆಗಳು ಮನುಷ್ಯನಿಗಿಂತ ಹಿರಿಯವೆಂದು ತಿಳಿದು ಬೆಳೆದವರಿಗೆ ಇದು ವಿಚಿತ್ರವಾಗಿ ತೋರೀತು: ಅರುವತ್ತು ವರ್ಷ ವಯಸ್ಸಿನ ಯಾತ್ರಿಕನು ಆ ಸರೋವರದ ದಡದಲ್ಲಿ ನಿಂತರೆ, ಇಬ್ಬರಲ್ಲಿ ಅವನೇ ಹಿರಿಯ.

*

ಈ ಕಣಿವೆಗೆ ಬರುವವರಲ್ಲಿ ಹಲವರು ಮನೆಬಂಡಿಗಳಲ್ಲಿ ಬರುತ್ತಾರೆ. ಕ್ಯಾಂಪರ್‌ವ್ಯಾನ್ ಎಂಬ ಈ ಮೋಟಾರು ಬಂಡಿಯೊಳಗೆ ಮಲಗಲು ಮಂಚ, ಅಡಿಗೆಗೆ ಒಲೆ, ನೀರಿನ ತೊಟ್ಟಿ, ಪಾತ್ರೆ ತೊಳೆಯುವ ಬಚ್ಚಲು ಎಲ್ಲವೂ ಅಡಕವಾಗಿರುತ್ತವೆ. ಬಂದವರು ಯಾವ ದೇಶದವರಾದರೂ ಆಗಿರಬಹುದು. ಮಕ್ಕಳು ಆಕ್ಲೆಂಡಿನಲ್ಲಿ ಉದ್ಯೋಗ ಹಿಡಿದು ನೆಲಸಿರುವ ಕನ್ನಡದ ತಂದೆತಾಯಿಗಳೂ ಈಗ ಅವರಲ್ಲಿ ಸೇರಿದ್ದಾರೆ. ಅಂಥ ವೃದ್ಧ ದಂಪತಿಗಳ ಒಂದು ದಿನವನ್ನು ದೃಷ್ಟಾಂತವಾಗಿ ಇಟ್ಟುಕೊಂಡರೆ ಪ್ರಕೃತ ವಿಷಯವು ವಿಶದವಾದೀತು.

ಕ್ರೈಸ್ಟ್‌ಚರ್ಚ್ ಪಟ್ಟಣದಿಂದ ಹೊರಟ ಅವರ ಬಂಡಿಯು ಸುಮಾರು 330 ಕಿಲೋಮೀಟರು ಸಾಗಿ ಬಂದಿದೆ. ಕೊನೆಯ ಭಾಗದಲ್ಲಿ ದಾರಿಯು ಪುಕಾಕಿ ಎಂಬ ಮಹಾಸರೋವರದ ದಂಡೆಯನ್ನೇ ಹಿಡಿದು ಹೋಗುತ್ತದೆ. ಆ ನೀರಿನ ನೀಲಿಯಲ್ಲಿ ಹಾಲು ಬೆರೆಸಿದಂತಿರುವ ಬಣ್ಣವನ್ನು ಕಂಡು ಅವರು ಬೆರಗಾಗಿದ್ದಾರೆ. ಹಿಮನದಿಗಳು ಬಂಡೆಯನ್ನು ಅರೆದು ಮಾಡಿದ ಹಿಟ್ಟಿನಂಥ ಧೂಳು ನೀರಿನಲ್ಲಿ ತೇಲುತ್ತಿರುವುದೇ ಆ ಬಣ್ಣಕ್ಕೆ ಕಾರಣ. ರಾತ್ರಿ ಪರ್ವತದ ಬುಡದ ವೈಟ್ ಹಾರ್ಸ್ ಹಿಲ್ ಎಂಬ ಬಿಡಾರದ ಬಯಲಿನಲ್ಲಿ ತಂಗಿ, ಬೆಳಗಾದ ಮೇಲೆ ಅವರು ಟಾಸ್ಮನ್ ಕಣಿವೆಗೆ ಬಂದು ಕಾಲ್ನಡಿಗೆಯನ್ನು ಆರಂಭಿಸುತ್ತಾರೆ.

ಮೊದಲು ಸಿಕ್ಕುವುದು ‘ನೀಲಿ ಕೊಳಗಳು’ ಎಂದು ಹೆಸರಾದ ಸಣ್ಣ ಕೊಳಗಳು. ಆದರೆ ಅವುಗಳ ನೀರು ಹಸುರಾಗಿದೆ. ಹೆಸರಿಟ್ಟವರ ಕಣ್ಣು ತಪ್ಪಿರಲಿಲ್ಲ. ಆಗ ಹಿಮನದಿಯ ತಣ್ಣನೆಯ ನೀರು ಕಲ್ಲುರಾಶಿಯ ಮೂಲಕ ಒಸರಿ ಈ ಕೊಳಗಳನ್ನು ತುಂಬುತ್ತಿತ್ತು. ಹಿಮನದಿಯು ತಗ್ಗಿಹೋದ ಮೇಲೆ ಆ ಒಸರು ನಿಂತಿತು. ಈಗ ಅಲ್ಲಿರುವುದು ಮಳೆಯ ನೀರು. ಅದು ಹಿಂದಿನದಕ್ಕಿಂತ ಬೆಚ್ಚಗಿರುವುದರಿಂದ ಪಾಚಿ ಬೆಳೆದು ಹಸುರೇರಿದೆ. ಬಣ್ಣವು ಹೋಯಿತು, ಹೆಸರು ಉಳಿಯಿತು.

ಅಲ್ಲಿಂದ ಮುನ್ನೂರಕ್ಕೂ ಹೆಚ್ಚು ಮೆಟ್ಟಲುಗಳನ್ನು ಹತ್ತಿದರೆ, ಹಿಮನದಿಯು ಹಿಂದೆ ತಂದು ಒಟ್ಟಿದ ಕಲ್ಲುಮಣ್ಣಿನ ದಿಬ್ಬದ ನೆತ್ತಿ. ಕೆಳಗೆ ಬೂದುಬಣ್ಣದ ಸರೋವರವು ಹರಡಿದೆ. ಅದರ ಮೇಲೆ ಮಂಜಿನ ಬಂಡೆಗಳು ತೇಲುತ್ತಿವೆ. ಬಹುದೂರದಲ್ಲಿ, ಮೈಮೇಲೆ ಕಲ್ಲುಮಣ್ಣನ್ನು ಹೊದ್ದು, ಹಿಮನದಿಯ ಮುಖವು ಕಾಣುತ್ತದೆ. ಎರಡು ಪಕ್ಕಗಳಲ್ಲಿಯೂ ನೂರಾರು ಅಡಿ ಎತ್ತರದ ಬೋಳು ಗೋಡೆಗಳು ನಿಂತಿವೆ. ಕೆರೆ ಬತ್ತಿದಾಗ ಏರಿಯ ಕಲ್ಲಿನ ಮೇಲೆ ಹಿಂದಿನ ನೀರಿನ ಗುರುತು ಉಳಿಯುವಂತೆ, ಮಂಜು ಒಮ್ಮೆ ಎಷ್ಟು ಎತ್ತರಕ್ಕೆ ತುಂಬಿತ್ತೆಂಬುದಕ್ಕೆ ಆ ಗೋಡೆಗಳೇ ಗುರುತು.

ಮಧ್ಯಾಹ್ನದ ಹೊತ್ತಿಗೆ ದಂಪತಿಗಳು ದಿಬ್ಬವನ್ನಿಳಿದು, ಸರೋವರದಿಂದ ಟಾಸ್ಮನ್ ನದಿಯು ಹೊರಡುವ ಕಡೆಗೆ ದಂಡೆಯ ಹಾದಿಯಲ್ಲಿ ನಡೆಯುತ್ತಾರೆ. ಸರೋವರಕ್ಕೆ ಪೂರ್ತಿಯಾಗಿ ಪ್ರದಕ್ಷಿಣೆ ಬರುವುದು ಸಾಧ್ಯವಿಲ್ಲ. ಹಾದಿಯು ಒಂದು ಕೊನೆಯನ್ನು ಮಾತ್ರ ಬಳಸುತ್ತದೆ. ಆ ನೀರಿಗೆ ಕೈಯಿಟ್ಟರೆ ಬೆರಳು ಜೋಮು ಹಿಡಿಯುತ್ತದೆ. ಆಗಾಗ ಹಿಮನದಿಯ ಮುಖದಿಂದ ತುಂಡುಗಳು ಕಳಚಿ ಬೀಳುವುದುಂಟು. 2011ರ ಫೆಬ್ರವರಿ 22ರಂದು ಕ್ರೈಸ್ಟ್‌ಚರ್ಚ್ ಪಟ್ಟಣದಲ್ಲಿ 185 ಜನರ ಪ್ರಾಣವನ್ನು ತೆಗೆದ ಭೂಕಂಪವಾದಾಗ, ಸುಮಾರು 200 ಕಿಲೋಮೀಟರು ದೂರದ ಈ ಸರೋವರಕ್ಕೆ ಮೂರು ಕೋಟಿ ಟನ್ನಿನಷ್ಟು ಮಂಜುಗಡ್ಡೆಯು ಒಮ್ಮೆಗೇ ಕುಸಿದು ಬಿದ್ದಿತು; ದೋಣಿಗಳಲ್ಲಿ ವಿಹರಿಸುತ್ತಿದ್ದ ಯಾತ್ರಿಕರು ಅದರ ಅಲೆಗಳ ಮೇಲೆ ತೂಗಾಡಿದರು.

ಬಂಡಿಗೆ ಹಿಂದಿರುಗಿ ಕಾಫಿ ಕುಡಿದಾದ ಮೇಲೆ ಆ ಗೃಹಿಣಿಯು ಲೋಟಗಳನ್ನು ತೊಳೆಯುತ್ತಾಳೆ. ತೊಳೆದ ನೀರು ನೆಲಕ್ಕೆ ಹೋಗುವುದಿಲ್ಲ. ಬಂಡಿಯ ಅಡಿಯಲ್ಲಿರುವ ತೊಟ್ಟಿಯಲ್ಲಿ ಕೂಡಿಕೊಳ್ಳುತ್ತದೆ. ಅದನ್ನು ಗೊತ್ತುಪಡಿಸಿದ ಸ್ಥಳದಲ್ಲಿಯೇ ಚೆಲ್ಲಬೇಕು. 2023ರಲ್ಲಿ ಆ ದೇಶದ ಶಾಸನಸಭೆಯು ಈ ವಿಷಯದಲ್ಲಿ ಇನ್ನೂ ಬಿಗಿಯಾದ ಕಾನೂನನ್ನು ಮಾಡಿ, ಸ್ವಯಂಪೂರ್ಣವೆಂಬ ಪ್ರಮಾಣಪತ್ರವು ಬೇಕಾದ ಬಂಡಿಯಲ್ಲಿ ಶೌಚದ ಏರ್ಪಾಡು ಕೂಡ ಭದ್ರವಾಗಿ ಜೋಡಿಸಿದ್ದಾಗಿರಬೇಕೆಂದು ವಿಧಿಸಿತು. ಲೋಟ ತೊಳೆಯುತ್ತಿದ್ದ ಗೃಹಿಣಿಯು ಪತಿಯನ್ನು ಹೀಗೆ ಕೇಳಿದಳೆಂದು ಭಾವಿಸಬಹುದು:

“ಏನೂಂದ್ರೆ, ಎರಡು ಲೋಟ ತೊಳೆದ ನೀರನ್ನು ಇಷ್ಟು ಜೋಪಾನವಾಗಿ ಕಟ್ಟಿಕೊಂಡು ಹೋಗ್ತೀವಲ್ಲ, ಬಂಡಿ ಬಿಟ್ಟ ಹೊಗೆಯನ್ನು ಎಲ್ಲಿ ಕಟ್ಟಿಟ್ಟಿದ್ದೀವಿ?”

ಪತಿಗೆ ಒಡನೆಯೇ ಉತ್ತರವು ದೊರೆಯಲಾರದು. ವಿದ್ಯಾವಂತರಾದ ಯಾರಿಗೂ ಅದು ಸುಲಭವಾಗಿ ದೊರೆಯತಕ್ಕದ್ದಲ್ಲ.

*

ಹೊಗೆಗೆ ತೊಟ್ಟಿಯಿಲ್ಲ, ಆದರೆ ಲೆಕ್ಕವುಂಟು. ಬ್ರೆಮೆನ್ ಮತ್ತು ಇನ್ಸ್‌ಬ್ರುಕ್ ವಿಶ್ವವಿದ್ಯಾಲಯಗಳ ವಿದ್ವಾಂಸರು 2018ರಲ್ಲಿ ಅದನ್ನು ಮಾಡಿ ತೋರಿಸಿದರು. ಗಾಳಿಗೆ ಬಿಟ್ಟ ಒಂದು ಕಿಲೋಗ್ರಾಂ ಇಂಗಾಲಾಮ್ಲ ವಾಯುವಿನ ದೆಸೆಯಿಂದ, ಕಾಲಕ್ರಮದಲ್ಲಿ, ಜಗತ್ತಿನ ಹಿಮನದಿಗಳಲ್ಲಿ ಸುಮಾರು 16 ಕಿಲೋಗ್ರಾಂ ಮಂಜುಗಡ್ಡೆಯು ನಷ್ಟವಾಗುತ್ತದೆ. ಸಾಮಾನ್ಯವಾದ ಮೋಟಾರು ಕಾರೊಂದು ಅರ್ಧ ಕಿಲೋಮೀಟರು ಓಡಿದರೆ ಒಂದು ಕಿಲೋಗ್ರಾಂ ಮಂಜು ಹೋದಂತಾಯಿತು. ಈ ಪ್ರಮಾಣದಿಂದ, ಕ್ರೈಸ್ಟ್‌ಚರ್ಚಿನಿಂದ ಕಣಿವೆಗೆ ಹೋಗಿಬರುವ 660 ಕಿಲೋಮೀಟರುಗಳಿಗೆ ಸಾವಿರದ ಮುನ್ನೂರು ಕಿಲೋಗ್ರಾಮಿಗೆ ಕಡಮೆಯಿಲ್ಲದ ಮಂಜು ವೆಚ್ಚವಾಗುತ್ತದೆ. ಮನೆಯನ್ನೇ ಹೊತ್ತು ಓಡುವ ಬಂಡಿಯ ಪಾಲು ಇದಕ್ಕಿಂತಲೂ ಹೆಚ್ಚು. ಸಮುದ್ರವನ್ನು ದಾಟಿಸಿದ ವಿಮಾನದ ಲೆಕ್ಕವು ಟನ್ನುಗಳಲ್ಲಿ ನಡೆಯುತ್ತದೆ. ವಾಯುವಿನ ಒಂದೊಂದು ಟನ್ನಿಗೂ ಮಂಜು ಹದಿನಾರು ಟನ್ನು. ಈ ನಷ್ಟವು ನೋಡಿದ ಹಿಮನದಿಯಲ್ಲಿಯೇ, ನೋಡಿದ ದಿನವೇ ಆಗುವುದಿಲ್ಲ. ಜಗತ್ತಿನ ಎಲ್ಲ ಹಿಮನದಿಗಳಿಗೂ ಹಂಚಿ, ಮುಂದಿನ ತಲೆಮಾರುಗಳ ಕಾಲದಲ್ಲಿ ಆಗುತ್ತದೆ. ಆದಕಾರಣವೇ ಅದು ಮಾಡಿದವನ ಕಣ್ಣಿಗೆ ಬೀಳದು.

ಇಲ್ಲಿ ಮೊದಲನೆಯ ಪೂರ್ವಪಕ್ಷವು ಏಳುತ್ತದೆ. ಅಷ್ಟು ದೊಡ್ಡ ಹಿಮರಾಶಿಯಲ್ಲಿ ಒಬ್ಬನ ಪಾಲು ಎಷ್ಟರದು? ಆ ಒಬ್ಬನು ಬಾರದಿದ್ದರೆ ಹಿಮನದಿಯು ಒಂದು ಅಂಗುಲವಾದರೂ ಹಿಂದಿರುಗಿ ಬರುವುದೆ? ಈ ವಾದವು ಮನೆಮಾತಾಗಿರುವ ಹಾಲಿನ ಕೊಳದ ಕಥೆಯನ್ನು ನೆನಪಿಗೆ ತರುತ್ತದೆ. ರಾತ್ರಿಯಲ್ಲಿ ಮನೆಗೊಂದು ಬಿಂದಿಗೆ ಹಾಲನ್ನು ಕೊಳಕ್ಕೆ ಸುರಿಯಬೇಕೆಂದು ರಾಜಾಜ್ಞೆಯಾಯಿತು. ಅಷ್ಟೊಂದು ಹಾಲಿನಲ್ಲಿ ತನ್ನದೊಂದು ಬಿಂದಿಗೆ ನೀರು ಯಾರಿಗೆ ತಿಳಿದೀತೆಂದು ಪ್ರತಿಯೊಬ್ಬನೂ ಎಣಿಸಿದನು. ಬೆಳಗಾದಾಗ ಕೊಳದಲ್ಲಿ ನೀರಲ್ಲದೆ ಬೇರೆ ಏನೂ ಇರಲಿಲ್ಲ. ಆ ಊರಿನ ಜನರ ತರ್ಕದಲ್ಲಿ ಲೆಕ್ಕದ ತಪ್ಪು ಇರಲಿಲ್ಲ. ಒಂದು ಬಿಂದಿಗೆ ನೀರಿನಿಂದ ಹಾಲು ಕೆಡದೆಂಬುದು ನಿಜ. ತಪ್ಪಿದ್ದುದು ‘ತಾನೊಬ್ಬನೇ’ ಎಂಬ ಎಣಿಕೆಯಲ್ಲಿ. ಎಲ್ಲರೂ ಹೇಳಬಹುದಾದ ಸಬೂಬು ಯಾರನ್ನೂ ಬಿಡುಗಡೆ ಮಾಡಲಾರದು. ಪಾಲು ಅಲ್ಪವಾದರೆ ಋಣವು ಅಲ್ಪವಾದೀತು; ಇಲ್ಲವೇ ಇಲ್ಲವೆಂದಾಗದು.

ಎರಡನೆಯ ಪೂರ್ವಪಕ್ಷವು ಹೆಚ್ಚು ಗಂಭೀರವಾದುದು. ಬದುಕಿದ್ದಮೇಲೆ ಹಿಂಸೆಯು ತಪ್ಪಿದ್ದಲ್ಲ; ಮನೆಯಲ್ಲಿ ಕುಳಿತವನೂ ಹೊಗೆಯನ್ನೆಬ್ಬಿಸುತ್ತಾನೆ; ಯಾತ್ರಿಕನನ್ನು ಮಾತ್ರ ಹಿಡಿದು ನಿಲ್ಲಿಸುವುದೇಕೆ? ಇದಕ್ಕೆ ಧರ್ಮಶಾಸ್ತ್ರದ ಬೆಂಬಲವೂ ಇದ್ದಂತೆ ತೋರುತ್ತದೆ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ ಎಂಬ ಐದೂ ಗೃಹಸ್ಥನ ಮನೆಯ ವಧಸ್ಥಾನಗಳೆಂದೂ, ಇವುಗಳಲ್ಲಿ ಅರಿಯದೆ ಸಾಯುವ ಪ್ರಾಣಿಗಳ ದೋಷವು ಅವನಿಗೆ ತಪ್ಪದೆಂದೂ ಮನುಸ್ಮೃತಿಯು ಹೇಳಿತು. ಆದರೂ ಒಲೆಯನ್ನು ಆರಿಸಿಬಿಡಬೇಕೆಂದು ಹೇಳಲಿಲ್ಲ. ಆ ದೋಷದ ಪರಿಹಾರಕ್ಕಾಗಿ ದಿನವೂ ಪಂಚಮಹಾಯಜ್ಞಗಳನ್ನು ಮಾಡಬೇಕೆಂದಿತು. ಹೀಗಿರಲು, ಯಾತ್ರೆಯ ಹೊಗೆಯನ್ನೂ ಒಲೆಯ ಹೊಗೆಯಂತೆಯೇ ಭಾವಿಸಿ, ಯಾವುದಾದರೊಂದು ಪರಿಹಾರದಿಂದ ಕಳೆದುಕೊಳ್ಳಬಾರದೆ?

ಇದಕ್ಕೆ ಸಮಾಧಾನವನ್ನು ಎರಡು ಅಂಶಗಳಾಗಿ ಹೇಳಬೇಕು. ಒಲೆಯು ಪ್ರಾಣಧಾರಣೆಗೆ ಬೇಕಾದುದು. ಹಿಮನದಿಯ ದರ್ಶನವು ಹಾಗಲ್ಲ. ಅನಿವಾರ್ಯವಾದ ದೋಷಕ್ಕೆ ಶಾಸ್ತ್ರವು ತೋರಿಸಿದ ಕರುಣೆಯನ್ನು ಐಚ್ಛಿಕವಾದ ಸುಖಕ್ಕೆ ಎಳೆದುಕೊಳ್ಳುವುದು ನ್ಯಾಯವಾಗದು. ಇದು ಮೊದಲನೆಯದು. ಎರಡನೆಯದಾಗಿ, ಪರಿಹಾರವೆಂದರೆ ಹಣವಲ್ಲ. ನ್ಯೂಜಿಲೆಂಡಿನ ಸರಕಾರವು ಹೊರದೇಶದ ಬಹುಪಾಲು ಪ್ರವಾಸಿಗಳಿಂದ 2019ರಲ್ಲಿ 35 ಡಾಲರುಗಳ ಕಂದಾಯವನ್ನು ವಸೂಲುಮಾಡಲು ತೊಡಗಿ, 2024ರ ಅಕ್ಟೋಬರಿನಲ್ಲಿ ಅದನ್ನು 100 ಡಾಲರುಗಳಿಗೆ ಏರಿಸಿತು. ಹಾದಿ ಸೇತುವೆಗಳ ರಕ್ಷಣೆಗೆ ಇಂಥ ಹಣವು ಅಗತ್ಯವೇ ಸರಿ. ಆದರೆ ಕಂದಾಯದ ರಸೀತಿಯನ್ನು ಪ್ರಾಯಶ್ಚಿತ್ತದ ಪತ್ರವೆಂದು ತಿಳಿಯಬಾರದು. ಪ್ರಾಯಶ್ಚಿತ್ತಕ್ಕೆ ಪಶ್ಚಾತ್ತಾಪವೂ ಮತ್ತೆ ಮಾಡೆನೆಂಬ ಸಂಕಲ್ಪವೂ ಅಂಗಗಳು. ಇವೆರಡನ್ನು ಬಿಟ್ಟು ದಕ್ಷಿಣೆಯೊಂದನ್ನೇ ಕೊಟ್ಟವನು ಇನ್ನೊಂದು ಯಾತ್ರೆಗೆ ಅಪ್ಪಣೆಯನ್ನು ಕೊಂಡಂತಾಯಿತು.

ಹಾಗಾದರೆ ಹೋಗದಿರುವುದೇ ಧರ್ಮವಲ್ಲವೆ ಎಂಬುದು ಮೂರನೆಯ ಪಕ್ಷ. ಇದರ ಸರಳತೆಯು ಮನಸ್ಸನ್ನು ಸೆಳೆಯುವಂಥದು. ಅನೇಕರಿಗೆ ಇದೇ ಸರಿಯಾದ ದಾರಿಯೂ ಆದೀತು. ಆದರೆ ಇದನ್ನೇ ಸರ್ವರಿಗೂ ವಿಧಿಯೆಂದು ಹೇಳುವ ಮುನ್ನ ಒಂದು ವಿಷಯವನ್ನು ಯೋಚಿಸಬೇಕು. ಮನೆಯ ಹಿರಿಯರೊಬ್ಬರು ಕೊನೆಗಾಲದಲ್ಲಿ ಹಾಸಿಗೆ ಹಿಡಿದರೆ ಬಂಧುಗಳು ದೂರದಿಂದ ಬಂದು ನೋಡುತ್ತಾರೆ. ಬಾರದವನನ್ನು ಯಾರೂ ಸಾಧುವೆನ್ನರು. ಆದರೆ ಬಂದವನು ಹೇಗೆ ಬರುತ್ತಾನೆ? ಬಾಗಿಲಲ್ಲಿ ಕಾಲು ತೊಳೆದು, ದನಿಯನ್ನು ತಗ್ಗಿಸಿ, ಕೋಣೆಯ ಗಾಳಿಯನ್ನು ಕೆಡಿಸದೆ ಬರುತ್ತಾನೆ. ಹೊರಗೆ ಹೋದ ಮೇಲೆ ವೈದ್ಯನ ಬಳಿಗೋ ಔಷಧದ ಅಂಗಡಿಗೋ ಓಡುತ್ತಾನೆ. ‘ಇರುವಾಗಲೇ ಒಮ್ಮೆ ನೋಡಿಬಿಡಬೇಕು’ ಎಂಬ ಮಾತು ಆ ಕೋಣೆಯಲ್ಲಿಯೂ ಕೇಳಿಬರುತ್ತದೆ, ಹಿಮನದಿಯ ದಿಬ್ಬದ ಮೇಲೆಯೂ ಕೇಳಿಬರುತ್ತದೆ. ಒಂದು ಕಡೆ ಅದು ಪ್ರೀತಿ. ಇನ್ನೊಂದು ಕಡೆ, ಮುಗಿದುಹೋಗುವ ಮುನ್ನ ತನ್ನ ಪಾಲನ್ನು ಪಡೆದುಕೊಳ್ಳುವ ಆತುರವೂ ಆಗಿರಬಹುದು. ಯಾವುದೆಂದು ತಿಳಿಯುವುದು ಹೋಗಿಬಂದ ಮೇಲೆ ಅವನು ಮಾಡುವುದರಿಂದ.

ಅವೊರಾಕಿಯನ್ನು ಬಂಧುವೆಂದು ಕರೆಯುವುದು ಬರಿಯ ಉಪಮಾನವೂ ಅಲ್ಲ. ಆ ಪ್ರದೇಶದ ನೈ ತಾಹು ಎಂಬ ಮಾವೊರಿ ಕುಲದವರಿಗೆ ಆ ಪರ್ವತವು ಮೂಲಪುರುಷನೇ ಆಗಿದ್ದಾನೆ. ಆಕಾಶಪಿತನ ಮಗನಾದ ಅವೊರಾಕಿಯು ಸೋದರರೊಡನೆ ದೋಣಿಯೇರಿ ಬಂದಾಗ ದೋಣಿಯು ಬಂಡೆಗೆ ತಗುಲಿ ಒಂದು ಕಡೆಗೆ ವಾಲಿತು; ಅವರೆಲ್ಲ ಮೇಲಿನ ಅಂಚಿಗೆ ಹತ್ತಿ ಕುಳಿತು ಕಲ್ಲಾದರು; ದೋಣಿಯೇ ದಕ್ಷಿಣ ದ್ವೀಪವಾಯಿತು, ಸೋದರರೇ ಶಿಖರಗಳಾದರು ಎಂಬುದು ಅವರ ಪುರಾಣ. ಆದಕಾರಣ ಪರ್ವತವನ್ನು ಹತ್ತುವವರು ಅದರ ನೆತ್ತಿಯ ತುತ್ತತುದಿಯ ಮೇಲೆ ಕಾಲಿಡಬಾರದೆಂದು ಅವರು ಕೇಳಿಕೊಳ್ಳುತ್ತಾರೆ. 1998ರ ಒಪ್ಪಂದದ ಶಾಸನದಲ್ಲಿ, ಸರಕಾರವು ಪರ್ವತದ ಒಡೆತನವನ್ನು ಈ ಕುಲಕ್ಕೆ ಹಿಂದಿರುಗಿಸುವುದೆಂದೂ, ಕುಲವು ಅದನ್ನು ಸಮಸ್ತ ದೇಶಜನರಿಗೆ ದಾನವಾಗಿ ಕೊಡುವುದೆಂದೂ ಏರ್ಪಾಡಾಯಿತು. ಕಳೆದುಕೊಂಡ ಪಿತೃವನ್ನು ಮರಳಿ ಪಡೆದು, ಅದನ್ನು ಎಲ್ಲರಿಗೂ ಕೊಡಲು ಒಪ್ಪಿದ ಆ ಔದಾರ್ಯದ ಮುಂದೆ, ನೋಡುವವನು ಪ್ರತಿಗ್ರಹಿಯ ಸ್ಥಾನದಲ್ಲಿ ನಿಲ್ಲುತ್ತಾನೆ. ದಾನವನ್ನು ಕೊಡುವವನಿಗಿಂತ ತೆಗೆದುಕೊಳ್ಳುವವನಿಗೆ ಯೋಗ್ಯತೆಯು ಹೆಚ್ಚಾಗಿ ಬೇಕೆಂಬುದು ಹಿರಿಯರ ಮತ.

*

ಈಗ ಸಿದ್ಧಾಂತಕ್ಕೆ ಬರಬಹುದು. ನೋಡುವವನಿಗೆ ಸಂಸ್ಕೃತದಲ್ಲಿ ‘ಸಾಕ್ಷಿ’ ಎಂಬ ಹೆಸರುಂಟು. ಈ ಮಾತಿಗೆ ಎರಡು ಶಾಸ್ತ್ರಗಳಲ್ಲಿ ಎರಡು ಅರ್ಥಗಳಿವೆ. ವೇದಾಂತದಲ್ಲಿ ಸಾಕ್ಷಿಯೆಂದರೆ ಎಲ್ಲವನ್ನೂ ಬೆಳಗುತ್ತ ಯಾವುದಕ್ಕೂ ಅಂಟದೆ ಇರುವ ಚೈತನ್ಯ. ದೀಪವು ಸಭೆಯನ್ನು ಬೆಳಗಿದರೂ ಸಭೆಯ ಜಗಳಕ್ಕೆ ಸೇರದಂತೆ. ನ್ಯಾಯಸ್ಥಾನದಲ್ಲಿ ಸಾಕ್ಷಿಯೆಂದರೆ ಕಂಡುದನ್ನು ಕಂಡಂತೆ ಹೇಳಲು ಬದ್ಧನಾದ ಮನುಷ್ಯ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು, ತಿಳಿದಿದ್ದರೂ ನುಡಿಯದೆ ಸುಮ್ಮನಿರುವ ಸಾಕ್ಷಿಯನ್ನು ಸುಳ್ಳುಸಾಕ್ಷಿಗೆ ಸಮಾನನೆಂದೇ ಎಣಿಸಿತು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದುದು ಈ ಸ್ಮೃತಿಗೇ.

ಯಾತ್ರಿಕನ ಭ್ರಾಂತಿಯು ಈ ಎರಡು ಅರ್ಥಗಳ ನಡುವೆ ಇದೆ. ತಾನು ಮೊದಲನೆಯ ಬಗೆಯ ಸಾಕ್ಷಿಯೆಂದು ಅವನು ತಿಳಿದಿದ್ದಾನೆ: ಬಂದೆ, ನೋಡಿದೆ, ಹೋದೆ, ಯಾವುದಕ್ಕೂ ಅಂಟಲಿಲ್ಲ. ಆದರೆ ದೇಹವುಳ್ಳವನು, ಬಂಡಿಯಲ್ಲಿ ಬಂದವನು, ಒಲೆ ಹಚ್ಚಿ ಕಾಫಿ ಕಾಸಿದವನು ಆ ಪದವಿಗೆ ಅರ್ಹನಲ್ಲ. ಅವನು ಎರಡನೆಯ ಬಗೆಯ ಸಾಕ್ಷಿ. ಕಂಡುದರಿಂದಲೇ ಅವನ ಮೇಲೆ ಋಣವು ಬಿದ್ದಿದೆ, ಆ ಋಣವು ತೀರುವುದು ನುಡಿಯುವುದರಿಂದ.

ಇಲ್ಲಿ ಇನ್ನೊಂದು ತೊಡಕಿದೆ. ವ್ಯವಹಾರದಲ್ಲಿ ಅರ್ಥಸಂಬಂಧವುಳ್ಳವನ, ಎಂದರೆ ಮೊಕದ್ದಮೆಯಲ್ಲಿ ಸ್ವಂತ ಲಾಭನಷ್ಟವಿರುವವನ ಸಾಕ್ಷ್ಯವು ಗ್ರಾಹ್ಯವಲ್ಲ. ಯಾತ್ರಿಕನಾದರೋ ಕೇವಲ ಸಾಕ್ಷಿಯಲ್ಲ, ಪ್ರತಿವಾದಿಗಳಲ್ಲಿಯೂ ಒಬ್ಬನು. ಹೀಗಾದರೆ ಅವನ ಮಾತಿಗೆ ಬೆಲೆಯೇನು? ಪ್ರತಿವಾದಿಯ ಮಾತಿಗೆ ಬೆಲೆ ಬರುವ ಒಂದು ಸಂದರ್ಭವುಂಟು. ತನ್ನ ಪಾಲನ್ನು ತಾನೇ ಒಪ್ಪಿಕೊಂಡಾಗ. ಆದುದರಿಂದ ಹಿಮನದಿಯ ವಿಷಯದಲ್ಲಿ ಅವನ ಸಾಕ್ಷ್ಯವು ತನ್ನ ಬಂಡಿಯ ಹೊಗೆಯಿಂದಲೇ ಆರಂಭವಾಗಬೇಕು. ಸರಕಾರಗಳನ್ನೂ ಕಾರ್ಖಾನೆಗಳನ್ನೂ ದೂರುವುದು ಆಮೇಲೆ ಬರತಕ್ಕದ್ದು. ಅದು ಬರಲೇಬೇಕಾದದ್ದೂ ಹೌದು, ಏಕೆಂದರೆ ದೊಡ್ಡ ಪಾಲು ಅವರದೇ.

ಇಂಥ ಸಾಕ್ಷ್ಯದ ದೃಷ್ಟಾಂತವು ಆ ದೇಶದಲ್ಲಿಯೇ ಇದೆ. 1977ರಲ್ಲಿ ಅಲ್ಲಿನ ವಿಜ್ಞಾನಿಗಳು ಬೇಸಗೆಯ ಕೊನೆಯಲ್ಲಿ ಸಣ್ಣ ವಿಮಾನದಲ್ಲಿ ಹಾರಿ, ಸುಮಾರು 50 ಹಿಮನದಿಗಳ ಚಿತ್ರಗಳನ್ನು ತೆಗೆದು, ಹಿಮವು ಯಾವ ಎತ್ತರದವರೆಗೆ ಉಳಿದಿದೆಯೆಂದು ಗುರುತಿಸುವ ಕಾರ್ಯವನ್ನು ಆರಂಭಿಸಿದರು. ದಶಕಗಳ ಕಾಲ ಅದನ್ನು ನಡೆಸಿಕೊಂಡು ಬಂದರು. ವಿಮಾನವು ಹೊಗೆಯುಗುಳಿತು, ನಿಜ. ಆದರೆ ಅವರ ನೋಟವು ನುಡಿಯಾಯಿತು. ಹಿಮನದಿಗಳು ಎಷ್ಟು ಕುಗ್ಗಿವೆಯೆಂದು ಜಗತ್ತಿಗೆ ತಿಳಿಯಿತು. ಎಲ್ಲರೂ ವಿಜ್ಞಾನಿಗಳಾಗಲಾರರು, ನೋಟವು ನುಡಿಯಾಗಬೇಕೆಂಬ ನಿಯಮವು ಮಾತ್ರ ಎಲ್ಲರಿಗೂ ಸಮಾನ.

ನುಡಿದು ಫಲವೇನು, ಹಿಮನದಿಯು ಹೇಗೂ ಹೋಗುವುದಷ್ಟೆ ಎಂದು ನಿರಾಶರಾದವರು ಕೇಳಿಯಾರು. ಮೇಲೆ ಹೇಳಿದ ವಿದ್ವಾಂಸರ ಗಣನೆಯಲ್ಲಿಯೇ ಇದಕ್ಕೆ ಉತ್ತರವಿದೆ. ಎಲ್ಲ ಹೊಗೆಯನ್ನೂ ಕೂಡಲೆ ನಿಲ್ಲಿಸಿದರೂ, ಜಗತ್ತಿನ ಹಿಮನದಿಗಳಲ್ಲಿ ಈಗ ಉಳಿದಿರುವ ಮಂಜಿನ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಉಳಿಯಲಾರದ ಸ್ಥಿತಿಗೆ ಬಂದಿದೆ. ಇದನ್ನು ವೇದಾಂತಿಗಳು ಹೇಳುವ ಪ್ರಾರಬ್ಧಕ್ಕೆ ಹೋಲಿಸಬಹುದು. ಬಿಲ್ಲಿನಿಂದ ಬಿಟ್ಟ ಬಾಣದಂತೆ ಅದು ತನ್ನ ವೇಗವನ್ನು ಮುಗಿಸಿಯೇ ನಿಲ್ಲುವುದು. ಆದರೆ ಉಳಿದ ಭಾಗವು ಆಗಾಮಿ. ಆ ಬಾಣವು ಇನ್ನೂ ಕೈಯಲ್ಲಿದೆ. ಪ್ರಾರಬ್ಧವನ್ನು ತೋರಿಸಿ ಆಗಾಮಿಯ ವಿಷಯದಲ್ಲಿ ಕೈಚೆಲ್ಲಿ ಕುಳಿತವನನ್ನು ಯಾವ ಶಾಸ್ತ್ರವೂ ಜ್ಞಾನಿಯೆಂದು ಕರೆದಿಲ್ಲ.

ಹಾಗಾದರೆ ಯಾತ್ರಿಕನ ಕರ್ತವ್ಯವೇನು? ಹಿಂದೆ ತೀರ್ಥಯಾತ್ರೆಗೆ ನಿಯಮಗಳಿದ್ದುವು. ಈ ಯಾತ್ರೆಗೂ ಇರಬೇಕು. ಜೀವಮಾನದಲ್ಲಿ ಹಲವು ಸಲ ಅವಸರದಲ್ಲಿ ಹೋಗುವುದಕ್ಕಿಂತ, ಹೋಗಲೇಬೇಕಾದರೆ ಒಮ್ಮೆ ಹೋಗಿ, ಹೆಚ್ಚು ದಿನ ನಿಂತು, ನಡೆಯಬಹುದಾದಲ್ಲಿ ನಡೆದೇ ನೋಡತಕ್ಕದ್ದು. ಬಂಡಿಯಲ್ಲಿ ಇಬ್ಬರ ಬದಲು ನಾಲ್ವರು ಕುಳಿತರೆ ಒಬ್ಬೊಬ್ಬರ ಋಣವು ಅರ್ಧಕ್ಕಿಳಿಯುತ್ತದೆ. ಮನೆಗೆ ಬಂದ ಮೇಲೆ, ವೆಚ್ಚವಾದ ಮಂಜಿನ ತೂಕವನ್ನು ಮನಸ್ಸಿನಲ್ಲಿಟ್ಟುಕೊಂಡು, ದಿನದ ಓಡಾಟದಲ್ಲಿಯೂ ಮುಂದಿನ ಪ್ರಯಾಣಗಳಲ್ಲಿಯೂ ಹೊಗೆಯನ್ನು ಅಷ್ಟಷ್ಟಾಗಿ ತಗ್ಗಿಸಿ ತೀರಿಸುತ್ತ ಬರತಕ್ಕದ್ದು. ಇದನ್ನು ಮಾಡಲು ಮನಸ್ಸಿಲ್ಲದವನು ಹೋಗದಿರುವುದೇ ಮೇಲು.

ಎಲ್ಲಕ್ಕಿಂತ ಸುಲಭವಾದುದೂ ಸಾಮಾನ್ಯವಾಗಿ ತಪ್ಪಿಹೋಗುವುದೂ ಆದ ಕರ್ತವ್ಯವು ಇನ್ನೊಂದಿದೆ. ಆ ದಂಪತಿಗಳು ಊರಿಗೆ ಹಿಂದಿರುಗಿ, ತೆಗೆದ ಚಿತ್ರಗಳನ್ನು ಮೊಮ್ಮಗುವಿಗೆ ತೋರಿಸುತ್ತಾರೆ. ತೇಲುವ ಮಂಜಿನ ಬಂಡೆಗಳನ್ನೂ ವಿಸ್ತಾರವಾದ ನೀರನ್ನೂ ಕಂಡು ಮಗುವು ‘ಎಷ್ಟು ಚೆನ್ನಾಗಿದೆ!’ ಎನ್ನುತ್ತದೆ. ಹೌದೆಂದು ಮುಂದಿನ ಚಿತ್ರಕ್ಕೆ ಹೋದರೆ, ಅರಿತೂ ನುಡಿಯದ ಸಾಕ್ಷಿಯ ದೋಷವು ಅಲ್ಲಿಯೇ ಸಂಭವಿಸಿತು. ಆ ಚೆಲುವು ಸುಳ್ಳಲ್ಲ. ಅದನ್ನು ಕಂಡು ಸಂತೋಷಪಟ್ಟುದು ಪಾಪವೂ ಅಲ್ಲ. ಆದರೆ ಆ ಸರೋವರವು ಹಿಮನದಿಯು ಬಿಟ್ಟುಹೋದ ಜಾಗ. ಅದು ಅಜ್ಜ ಅಜ್ಜಿಯರಿಗಿಂತ ಚಿಕ್ಕದು. ಅವರ ಆಯುಷ್ಯದೊಳಗೇ ಅಲ್ಲಿದ್ದುದು ಕರಗಿತು. ಕರಗಿಸಿದವರಲ್ಲಿ ಅವರೂ ಇದ್ದಾರೆ. ಇಷ್ಟನ್ನೂ ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು.

ಹೇಳಿದರೆ ಮಗುವು ಮತ್ತೊಂದು ಪ್ರಶ್ನೆಯನ್ನು ಕೇಳದೆ ಬಿಡದು: ‘ಹಾಗಾದರೆ ಏನು ಮಾಡಿದಿರಿ?’ ಬಂಡಿಯೊಳಗೆ ಲೋಟ ತೊಳೆಯುತ್ತ ಆ ಗೃಹಿಣಿಯು ಕೇಳಿದ ಪ್ರಶ್ನೆಗೆ ಪತಿಯು ಅಂದು ಉತ್ತರವನ್ನು ಕೊಡದಿದ್ದರೂ ಚಿಂತೆಯಿಲ್ಲ. ಮಗುವಿನ ಪ್ರಶ್ನೆಗೆ ಉತ್ತರವು ಸಿದ್ಧವಿರುವಂತೆ ಬದುಕನ್ನು ತಿದ್ದಿಕೊಳ್ಳಲು ಅವರಿಬ್ಬರಿಗೂ ಇನ್ನೂ ಕಾಲವಿದೆ.